ಸರ್ವಮಂಗಳಮ್ಮನ ಹಿತ್ತಲಿನ ಹನ್ನೊಂದು ಕುಂಬಳ

ನನಗೆ ಹೊಟ್ಟೆಕಿಚ್ಚು. ಮುಚ್ಚಿಡುವುದೇಕೆ? ಇಡೀ ಹಾಗಲವಾಡಿಯಲ್ಲಿ ನನ್ನ ಹಿತ್ತಲಷ್ಟು ಚೊಕ್ಕಟ ಹಿತ್ತಲು ಇನ್ನೊಂದಿರಲಿಲ್ಲ. ಒಂದು ಕಳೆ ಬಿಡದೆ ಕಿತ್ತು, ಕುಂಬಳ ಒಂದನ್ನೇ ಹಾಕಿದ್ದೆ. ಬಳ್ಳಿ ಹಬ್ಬಿತು, ಹೂ ಬಿಟ್ಟಿತು. ಕಾಯಿ ಮಾತ್ರ ಹೆಬ್ಬೆರಳಷ್ಟಾಗಿ, ಹಳದಿ ತಿರುಗಿ ಉದುರುತ್ತಿತ್ತು. ಬೇಲಿಯಾಚೆ ಸರ್ವಮಂಗಳಮ್ಮನ ಹಿತ್ತಲೋ, ಅವರೆ, ಹುಚ್ಚೆಳ್ಳು, ಚೆಂಡುಹೂವು, ತುಂಬೆ, ಎಲ್ಲ ಕಲಸುಮೇಲೋಗರ. ನಡುವೆ ಹನ್ನೊಂದು ಕುಂಬಳಕಾಯಿ.

"ಅವ್ಳೇನೋ ಮಾಟ ಮಾಡ್ಸವ್ಳೆ" ಎಂದೆ ನಮ್ಮ ಯಜಮಾನರಿಗೆ.

"ಆಯಮ್ಮಂಗೆ ಬೇರೆ ಕೆಲ್ಸ ಇಲ್ವಾ? ಹೋಗಿ ಕೇಳು."

ನಾನು ಅವಳನ್ನು ಕೇಳುವುದೇ? ಅವಳ ಬಳ್ಳಿಯ ಬುಡ ಬೇಲಿಗೆ ಹತ್ತಿರವೇ ಇತ್ತು. ಒಂದು ಬೆಳಿಗ್ಗೆ ಕುಡುಗೋಲು ಹಿಡಿದು ಹೋದೆ, ಕತ್ತರಿಸಿಯೇ ಬಿಡೋಣ ಎಂದು. ಬೇಲಿ ಸಂದಿಯಲ್ಲಿ ಕೈ ತೂರಿಸಿದ್ದೇ ತಡ, ಸರ್ವಮಂಗಳಮ್ಮ ಎದುರಿಗೇ ಬಂದಳು.

"ಕಾಯಿ ಬೇಕಿತ್ತಾ ಗಂಗಕ್ಕ? ಅದು ಎಳೇದು, ಈ ಕಡೇದು ಕುಯ್ಕೊ."

ನಾಚಿಕೆಯಾಯಿತು. ಆದರೂ ಹೊಟ್ಟೆಯುರಿ ಬಾಯಿಗೆ ಬಂತು. "ನಿನ್ಗೆ ಮಾತ್ರ ಹೆಂಗೇ ಕಾಯಿ ನಿಲ್ತವೆ? ನಾನು ವಾರಕ್ಕೊಂದ್ಸಲ ಬೆಳಿಗ್ಗೇನೇ ಔಷ್ದಿ ಹೊಡಿತೀನಿ."

"ಅಲ್ಲೇ ಎಡವಟ್ಟಾಗಿರೋದು. ಗಂಡು ಹೂವಿನ ಪುಡಿ ಹೆಣ್ಣು ಹೂವಿಗೆ ಮುಟ್ಟಬೇಕು. ಮುಟ್ಸೋದು ಜೇನುಹುಳ. ಅದು ಬರೋ ಹೊತ್ಗೇ ವಿಷ ಹೊಡುದ್ರೆ?"

"ಅದ್ಕೇ ಈ ಕಾಡು ಬೆಳ್ಸಿದ್ದೀಯಾ?"

"ಹೊಲ್ದಲ್ಲಿ ರಾಗಿ ಮಧ್ಯ ಅವರೆ, ಹುಚ್ಚೆಳ್ಳು ಅಂತ ಅಕ್ಕಡಿ ಸಾಲು ಹಾಕಲ್ವಾ? ಹಿತ್ಲಿಗೂ ಅದೇ. ಹುಚ್ಚೆಳ್ಳಿಗೆ ಬಂದ ಜೇನು ಕುಂಬಳಕ್ಕೂ ಹೋಗುತ್ತೆ. ಅವರೆ ಮಣ್ಣಿಗೆ ಸತ್ವ ಕೊಡುತ್ತೆ. ಒಂದೇ ಹಾಕಿದ್ರೆ, ಅದಕ್ಕೆ ಹುಳ ಬಿದ್ದಾಗ ಎಲ್ಲಾ ಹೋಯ್ತು."

ನಾನು ನಂಬಲಿಲ್ಲ. ಅವಳು ನಮ್ಮ ಹಿತ್ತಲಿಗೆ ಬಂದು, ಗಂಡು ಹೂವೊಂದನ್ನು ಕಿತ್ತು, ಎಸಳು ಸುಲಿದು, ಮೂರು ಹೆಣ್ಣು ಹೂಗಳಿಗೆ ಮೆಲ್ಲಗೆ ಒರೆಸಿದಳು. ಮೂರರಲ್ಲಿ ಎರಡು ಕಾಯಿ ನಿಂತವು. ಆಮೇಲೆ ನಾನು ಔಷಧಿ ಹೊಡೆಯಲಿಲ್ಲ. ಅವಳ ಹತ್ತಿರವೇ ಬೀಜ ಕೇಳಿ, ಬೇಲಿಯುದ್ದಕ್ಕೂ ಹುಚ್ಚೆಳ್ಳು, ಅವರೆ, ಚೆಂಡುಹೂವು ಹಾಕಿದೆ.

ಈ ಸಲ ನನ್ನದು ಒಂಬತ್ತು ಕುಂಬಳ, ಅವಳದು ಹನ್ನೆರಡು. ಹೊಟ್ಟೆಕಿಚ್ಚು ಪೂರ್ತಿ ಹೋಗಿಲ್ಲ ಬಿಡಿ. ಆದರೆ ಅವಳ ಹೂವಿಗೆ ಬರುವ ಜೇನೇ ನನ್ನ ಹೂವಿಗೂ ಬರುವುದು. ಅವಳ ಹಿತ್ತಲು ಹಾಳಾದರೆ ನನ್ನದೂ ಹಾಳು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಹಿತ್ತಲಲ್ಲೂ ನಾಲ್ಕು ಬಗೆ ಬಿತ್ತಿ. ಹೂ ಅರಳುವ ಹೊತ್ತಿನಲ್ಲಿ ವಿಷ ಹೊಡೆಯಬೇಡಿ. ಬೀಜ ಇಲ್ಲವೇ? ಪಕ್ಕದ ಮನೆಯಲ್ಲಿ ಕೇಳಿ. ಕೇಳಿದರೆ ಮರ್ಯಾದೆ ಹೋಗುವುದಿಲ್ಲ, ನಾನೇ ಕೇಳಿದ್ದೇನೆ.