ತೊಳೆದ ಗಾಡಿ

“ಹತ್ತೇ ಮುಂಡೆ! ಕಾಲೆತ್ತಕ್ಕೆ ನಿಮ್ಮಪ್ಪನ್ನ ಕರೆಸ್ಬೇಕಾ? ಮದ್ವೆ ದಿಬ್ಬಣ ಅಲ್ಲ ಕಣೇ ಇದು, ಮೆಣಸಿನಕಾಯಿ ಹೊಲಕ್ಕೆ ಹೋಗೋ ಗಾಡಿ!”

ಡ್ರೈವರ್ ಲಜ್ಹರ್ ಖಾಲಿ ಬಕೆಟ್ಟನ್ನು ಗಾಡಿಗೆ ಬಡಿದು ಬಡಿದು ಬೈಯುತ್ತಿದ್ದ. ನನ್ನ ಬಲಗಾಲು ಹಿಂಬದಿಯ ಕಬ್ಬಿಣದ ಮೇಲಿತ್ತು. ಎಡಗಾಲು ನೆಲ ಬಿಟ್ಟು ಏಳಲೊಲ್ಲದು. ಮೇಲೆ ನಿಂತಿದ್ದ ಹೆಂಗಸರು ಕೈ ಚಾಚಿದ್ದರು. “ಬಾ ತಬ್ರಾ, ಹಿಡ್ಕ, ಹಿಡ್ಕ” ಅನ್ನುತ್ತಿದ್ದರು. ಗಾಡಿಯೊಳಗೆ ಅವನು ಸುರಿದಿದ್ದ ನೀರು ಸಂದಿನಿಂದ ಇಳಿದು ನನ್ನ ಪಾದಕ್ಕೆ ತೊಟ್ಟಿಕ್ಕಿತು. ಅದು ತಾಗಿದ್ದೇ ತಡ, ಬೆರಳುಗಳು ಜೋಮು ಹಿಡಿದವು. ಎದೆಯೊಳಗೆ ಯಾರೋ ಒನಕೆ ಹಿಡಿದು ಕುಟ್ಟತೊಡಗಿದರು. ಉಸಿರು ಒಳಗೆ ಹೋಗುತ್ತಿತ್ತು, ಹೊರಗೆ ಬರುತ್ತಿರಲಿಲ್ಲ. ಈಗ ಇಲ್ಲೇ ಸತ್ತೆ ಅಂದುಕೊಂಡೆ.

“ನೋಡ್ರೇ, ಕಣ್ಣು ಹೆಂಗೆ ಮೇಲಕ್ಕೆ ಹಾಕ್ತಾವ್ಳೆ! ಜಿನ್ನು ಹಿಡ್ಕಂಡೈತೆ ಇವ್ಳಿಗೆ” ಅಂದ ಲಜ್ಹರ್. “ಇಂಥವಳ್ನ ತುಂಬ್ಕಂಡು ಹೋದ್ರೆ ಮಿಕ್ಕವೂ ಬೆದರ್ತವೆ. ಬಿಡಿಸ್ಕಂಡು ಬಾ. ನಾಳೆ ಒಂದ್ ದಿನ ನೋಡ್ತೀನಿ. ನಾಳೆನೂ ಹಿಂಗೇ ಕುಣಿದ್ರೆ ನಿನ್ನ ಜಾಗಕ್ಕೆ ಬೇರೆಯವಳು. ಈ ಸೀಮೇಲಿ ಹೆಂಗಸ್ರಿಗೇನು ಬರಗಾಲನಾ?”

ಗಾಡಿ ಹೋಯಿತು. ನಾನು ಬುತ್ತಿಯ ಗಂಟು ಹಿಡಿದುಕೊಂಡು ರಸ್ತೆಯಲ್ಲಿ ನಿಂತಿದ್ದೆ. ಮನೆಯಲ್ಲಿ ದುಡಿಯುವವಳು ನಾನೊಬ್ಬಳೇ. ಗಂಡ ಲಿಬಿಯಾಕ್ಕೆ ಹೋದವನು ಬದುಕಿದ್ದಾನೋ ಇಲ್ಲವೋ ದೇವರೇ ಬಲ್ಲ. ನಾಳೆ ಹತ್ತದಿದ್ದರೆ ಮಕ್ಕಳ ಬಾಯಿಗೆ ಮಣ್ಣು.

ಆ ನೀರಿನ ವಿಷಯ ಹೇಳಲೇಬೇಕು. ನಮ್ಮ ಕಡೆ ಹೊಲಕ್ಕೆ ಹೆಂಗಸರನ್ನು ಸಾಗಿಸುವ ಡ್ರೈವರುಗಳು ನಸುಕಿನಲ್ಲೇ ಗಾಡಿಯ ತೆರೆದ ಹಿಂಭಾಗಕ್ಕೆ ನೀರು ಹೊಯ್ಯುತ್ತಾರೆ. ಮೊದಲ ದಿನ ಕೂಲಿಗೆ ಬಂದಾಗ ನಾನು, ಪಾಪ, ನಮ್ಮ ಬಟ್ಟೆ ಕೊಳೆಯಾಗಬಾರದು ಅಂತ ತೊಳೆಯುತ್ತಿದ್ದಾನೆ ಅಂದುಕೊಂಡು, “ದೇವ್ರು ನಿನ್ನ ಕೈಗೆ ಶಕ್ತಿ ಕೊಡ್ಲಿ ಅಣ್ಣಾ” ಎಂದಿದ್ದೆ. ಹೊಲ ಮುಟ್ಟುವವರೆಗೂ ಹೆಂಗಸರು ಬಿದ್ದು ಬಿದ್ದು ನಕ್ಕರು. ನೆಲ ಒದ್ದೆಯಾಗಿದ್ದರೆ ಯಾರೂ ಕೂರುವುದಿಲ್ಲ. ಒಬ್ಬಳು ಕೂರುವ ಜಾಗದಲ್ಲಿ ಮೂವರು ನಿಲ್ಲುತ್ತಾರೆ. ಡ್ರೈವರಿಗೆ ತಲೆ ಲೆಕ್ಕದಲ್ಲಿ ದುಡ್ಡು. ಇದೇ ಗಾಡಿಯಲ್ಲಿ ಕುರಿ ಸಾಗಿಸುವಾಗ ಅವನು ನೀರು ಹೊಯ್ಯುವುದಿಲ್ಲ, ಹುಲ್ಲು ಹಾಸುತ್ತಾನೆ. ಕುರಿಯ ಕಾಲು ಮುರಿದರೆ ಕೇಳುವವರಿದ್ದಾರೆ.

ಹೋದ ಚಳಿಗಾಲ ಬತ್ತಿದ ಹೊಳೆಯ ತಿರುವಿನಲ್ಲಿ ಗಾಡಿ ಮಗುಚಿತು. ಮುಂದಿನ ಊರಿನ ಹುಡುಗಿ ಹನಿಯಾ ಹಿಂದಿನ ರಾತ್ರಿ ನಮ್ಮೂರಿನ ನೆಂಟರ ಮನೆಯಲ್ಲಿ ಉಳಿದಿದ್ದವಳು, ನಮ್ಮ ಜೊತೆಗೇ ಹತ್ತಿ ನನ್ನ ಸೊಂಟ ತಬ್ಬಿ ನಿಂತಿದ್ದಳು. ಮದುವೆ ಗೊತ್ತಾಗಿದ್ದವಳು. “ಕಾಲು ಜಾರ್ತೈತೆ ಅಕ್ಕಾ” ಅಂದಳು. ನಾವೆಲ್ಲ ಮುಂದಿನ ತಗಡು ಬಡಿದು ನಿಧಾನ, ನಿಧಾನ ಎಂದು ಕೂಗಿದೆವು. ಲಜ್ಹರ್ ರೇಡಿಯೋ ಜೋರು ಮಾಡಿದ. ಆಮೇಲೆ ಪಾಪಾಸುಕಳ್ಳಿಯ ಬೇಲಿ ಕಂಡಿತು, ಆಕಾಶ ಕಂಡಿತು, ಮತ್ತೆ ಬೇಲಿ. ಹನಿಯಾ ನನ್ನ ಮೇಲೆ ಬಿದ್ದಿದ್ದಳು. ಜೀವ ಹೋದ ಮೇಲೂ ಅವಳ ಕೈ ನನ್ನ ಸೊಂಟ ಬಿಟ್ಟಿರಲಿಲ್ಲ. ಬೆರಳು ಒಂದೊಂದಾಗಿ ಬಿಡಿಸಿದರು.

ರಾಜಧಾನಿ ತೂನಿಸ್‌ನಿಂದ ಟಿವಿಯವರು ಬಂದು ನಮ್ಮ ಅಳು ತುಂಬಿಕೊಂಡು ಹೋದರು. ಇಮಾಮರು ಹಣೆಬರಹ ಅಂದರು. ಲಜ್ಹರ್ ಬ್ರೇಕು ಕೆಟ್ಟಿತ್ತು ಅಂದ. ಸ್ವಲ್ಪ ದಿನ ಒಳಗಿದ್ದು ಹೊರಗೆ ಬಂದ, ಹೊಲದ ಧಣಿ ಬೇರೆ ಗಾಡಿ ಕೊಡಿಸಿದ. ಹನಿಯಾ ಸತ್ತ ನಲವತ್ತನೇ ದಿನದ ಊಟಕ್ಕೆ ಬಂದು ಕೂತು ಕುಸ್‌ಕುಸ್ ಉಂಡ, ಮಾಂಸ ಎರಡನೇ ಸಲ ಹಾಕಿಸಿಕೊಂಡ. ಬಡಿಸಿದವಳು ಹನಿಯಾಳ ತಾಯಿ ಸಾಸಿಯಾ. ಈಗ ಮಗಳ ಬದಲಿಗೆ ಅವಳೇ ಕೂಲಿಗೆ ಹೋಗುತ್ತಾಳೆ, ಅದೇ ಲಜ್ಹರನ ಗಾಡಿಯಲ್ಲಿ.

ನನ್ನ ಸೊಂಟದ ಗಾಯ ಮಾಯಿತು. ಹೆದರಿಕೆ ಮಾತ್ರ ಮಾಯಲಿಲ್ಲ. ಮಗಳು ಹೊಸ್ತಿಲು ತೊಳೆದರೆ ನಾನು ಬಾಗಿಲ ಹಿಂದೆ ಅವಿತುಕೊಳ್ಳುತ್ತಿದ್ದೆ. ಪಕ್ಕದ ಮನೆಯ ರೇಡಿಯೋ ಹಾಡಿದರೆ ವಾಂತಿ ಬರುತ್ತಿತ್ತು. ನನ್ನ ಮೈ ನನ್ನ ಮಾತು ಕೇಳುತ್ತಿರಲಿಲ್ಲ. ಅದಕ್ಕಿಂತ ದೊಡ್ಡ ಭಯ ಯಾವುದಿದೆ?

ಗಾಯ ವಾಸಿಯಾಗಿ ಮೊದಲ ಸಲ ಕೂಲಿಗೆ ಹೊರಟು, ಗಾಡಿ ನನ್ನನ್ನು ಬಿಟ್ಟುಹೋದ ಆ ದಿನವೇ ಸರ್ಕಾರಿ ಆಸ್ಪತ್ರೆಗೆ ಹೋದೆ. ಡಾಕ್ಟರು ಚಿಕ್ಕ ವಯಸ್ಸಿನವನು. ಮೊಬೈಲು ನೋಡುತ್ತಲೇ ಕೇಳಿದ, “ಏನಾಗುತ್ತೆ?”

“ಖಲಾ ಆಗೈತೆ ಡಾಕ್ಟ್ರೇ. ಗಾಡಿ ಕಂಡ್ರೆ ಜೀವ ಹೋದಂಗಾಯ್ತದೆ.”

ಖಲಾ ಎಂದರೆ ನಮ್ಮಲ್ಲಿ ಬೆಚ್ಚಿಬೀಳುವುದು. ಬೆಚ್ಚಿದ ಏಟಿಗೆ ಜೀವ ಕೀಲು ತಪ್ಪಿ ಹೊರಗೆ ಬಂದುಬಿಡುತ್ತದೆ ಅನ್ನುತ್ತೇವೆ. ಡಾಕ್ಟರು ನರ್ಸಿನ ಮುಖ ನೋಡಿ ನಕ್ಕ.

“ನಮ್ಮ ಓದಲ್ಲಿ ಆ ಕಾಯಿಲೆ ಇಲ್ಲಮ್ಮ. ಹೆದರಿಕೆ ಆಗೋ ಜಾಗಕ್ಕೆ ಹೋಗ್ಬೇಡ, ಅಷ್ಟೆ. ಸ್ವಲ್ಪ ದಿನ ಗಾಡಿ ಹತ್ತಬೇಡ.”

“ಹತ್ತದಿದ್ರೆ ಉಣ್ಣೋದೇನು?”

“ಅದಕ್ಕೆ ನನ್ ಹತ್ರ ಮಾತ್ರೆ ಇಲ್ಲ.” ತಲೆನೋವಿನ ಗುಳಿಗೆ ತಳ್ಳಿದ. “ಈ ಮನಸ್ಸು ಗಿನಸ್ಸು ಎಲ್ಲ ಪಟ್ಟಣದವ್ರ ಕಾಯಿಲೆ. ನಿಮಗೆ ಅದಕ್ಕೆಲ್ಲ ಪುರುಸೊತ್ತಾದ್ರೂ ಎಲ್ಲಿರುತ್ತೆ? ನೆಕ್ಸ್ಟ್!”

ನಾಚಿಕೆಯಿಂದ ಸತ್ತಂತಾಯಿತು. ಕಾಯಿಲೆ ಬೀಳುವುದಕ್ಕೂ ಯೋಗ್ಯತೆ ಬೇಕು ಅಂತ ನನಗೇನು ಗೊತ್ತು?

ಸಂಜೆ ದಹ್ಬಿಯಾ ಬಂದಳು. ನಮ್ಮ ಗುಂಪಿನಲ್ಲಿ ಎಲ್ಲರಿಗಿಂತ ಹಿರಿಯಳು, ಖಲಾ ತೆಗೆಯುವುದರಲ್ಲಿ ಕೈಗುಣದವಳು ಅಂತ ಹೆಸರು. ನನ್ನನ್ನು ಬೋರಲು ಮಲಗಿಸಿ ಬೆನ್ನಿಗೆ ಎಣ್ಣೆ ಹಚ್ಚಿದಳು. ಬೆನ್ನುಮೂಳೆಯ ಪಕ್ಕ ಚರ್ಮ ಎಳೆದು ಎಳೆದು ಬಿಟ್ಟಳು. ದೇವರ ಹೆಸರು ಹೇಳಿದಳು. ನಡುವೆ ಅವಳ ಕೈ ನಿಂತುಹೋಯಿತು. ತಿರುಗಿ ನೋಡಿದರೆ ಅವಳ ಕೈಗಳೇ ನಡುಗುತ್ತಿದ್ದವು.

“ದೊಡ್ಡವ್ವಾ?”

“ಏನಿಲ್ಲ, ಮಲಿಕ್ಕ.”

“ನಿನ್ಗೂ ಆಯ್ತದಾ?”

“ಆಗ್ದೆ ಏನು, ನಾನೇನು ಕಲ್ಲಾ?” ಅವಳು ಗೋಡೆಗೆ ಒರಗಿದಳು. “ಆ ತಿರುವಲ್ಲಿ ನಂಗೆ ಉಚ್ಚೆ ಹೋಗಿಬಿಡ್ತದೆ ಕಣಮ್ಮಿ. ದಿನಾ. ನೆಲ ಹೆಂಗೂ ಒದ್ದೆ, ಯಾರಿಗ್ ಗೊತ್ತಾಯ್ತದೆ? ನಮ್ ಜೊತೆ ಬರೋ ಜಮೀಲಾ ಕಣ್ಮುಚ್ಚಿ ಹಲ್ಲು ಕಡೀತಾಳೆ. ಒಂದು ಹಲ್ಲು ಮುರ್ಕಂಡವ್ಳೆ, ಕಲ್ಲು ಸಿಕ್ತು ರೊಟ್ಟೀಲಿ ಅಂತ ಸುಳ್ಳು ಹೇಳಿದ್ಲು. ಎಲ್ರಿಗೂ ಐತೆ. ಬಾಯ್ಬಿಡಕಿಲ್ಲ ಅಷ್ಟೆ, ಬಿಟ್ರೆ ಆ ಬೋಳಿಮಗ ಇಳಿಸ್ತಾನೆ.”

ನನಗೆ ಅಳು ಬಂತು. ಇಷ್ಟು ದಿನ ನಾನೊಬ್ಬಳೇ ಹುಚ್ಚಿ ಅಂದುಕೊಂಡಿದ್ದೆನಲ್ಲ, ಅದಕ್ಕೆ.

“ಹಂಗಾದ್ರೆ ಇದ್ನ ತೆಗೆಯಕ್ಕೆ ಆಗಕಿಲ್ವಾ?”

“ಎಷ್ಟೋ ಜನಕ್ಕೆ ತೆಗ್ದಿದೀನಿ. ನಾಯಿಗೆ ಬೆಚ್ಚಿದವರು, ಸಿಡಿಲಿಗೆ ಬೆಚ್ಚಿದವರು. ನಾಯಿ ಹೋದ್ಮೇಲೆ ಜೀವ ತಿರುಗಿ ಬಂದು ಕೂರ್ತದೆ. ನಮ್ ನಾಯಿ ದಿನಾ ಬೆಳಿಗ್ಗೆ ಹಾರ್ನು ಹೊಡೀತದಲ್ಲ, ಎಲ್ಲಿ ಕೂರ್ತದೆ?” ನನ್ನ ಬೆನ್ನಿನ ಎಣ್ಣೆ ಸೆರಗಿನಿಂದ ಒರೆಸಿದಳು. “ನಾಳೆ ನನ್ ಪಕ್ಕ ನಿಂತ್ಕ. ಬಂದ್ರೆ ಬಂತು ಅಂತ ಬಾಯ್ಬಿಟ್ಟು ಹೇಳು. ಒಳಗೆ ಅದುಮಬೇಡ. ಅದುಮಿದಷ್ಟೂ ಅದು ಕೊಬ್ಬುತ್ತದೆ.”

ಮರುದಿನ ಹತ್ತಿದೆ. ಹೇಗೆ ಹತ್ತಿದೆನೋ ಗೊತ್ತಿಲ್ಲ, ದಹ್ಬಿಯಾ ಕೆಳಗಿನಿಂದ ತಳ್ಳಿದಳು, ಜಮೀಲಾ ಮೇಲಿನಿಂದ ಎಳೆದಳು. “ಏನೇ, ಬಿಟ್ಟು ಹೋದ್ನಾ ನಿನ್ನ ಜಿನ್ನು? ಪಾಪ, ಅವನಿಗೂ ನೀನು ಸಾಕಾಗಿರ್ಬೇಕು” ಎಂದು ಲಜ್ಹರ್ ಹಲ್ಕಿರಿದ. ಬಕೆಟ್ಟು ಹಿಂದೆ ಎಸೆದು ಗಾಡಿ ಬಿಟ್ಟ.

ಕಾಲ ಕೆಳಗೆ ನೀರು ಅತ್ತಿತ್ತ ಓಲಾಡುತ್ತಿತ್ತು. ತಿರುವು ಹತ್ತಿರ ಬಂತು. ಬೇಲಿ ಕಂಡಿತು. ನನ್ನ ಸೊಂಟವನ್ನು ಯಾರೋ ಹಿಡಿದರು. ಯಾರೂ ಹಿಡಿದಿರಲಿಲ್ಲ.

“ಬಂತು” ಅಂದೆ. ದನಿಯೇ ಹೊರಡಲಿಲ್ಲ. “ಬಂತು, ದೊಡ್ಡವ್ವಾ, ಬಂತು!”

ನಾನು ಧೈರ್ಯ ಮಾಡಿ ಕೂತೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಹೆದರಿಕೆಗೆ ಬಿದ್ದೆ. ಆ ತಣ್ಣನೆಯ ನೀರಿನಲ್ಲಿ ದಪ್ಪನೆ ಕುಕ್ಕರಿಸಿದೆ. ಹೊಟ್ಟೆಯವರೆಗೂ ಚಳಿ ಹತ್ತಿತು.

“ನಂಗೂ ಬಂತು” ಅಂದಳು ದಹ್ಬಿಯಾ. ನನ್ನ ಪಕ್ಕ ಕೂತಳು. “ನಂಗೂ” ಅಂತ ಜಮೀಲಾ. ಒಬ್ಬೊಬ್ಬರಾಗಿ, ಗೋಡೆ ಕುಸಿದ ಹಾಗೆ, ಎಲ್ಲರೂ ಕೂತರು. ಯಾರೋ ಅಳುತ್ತಿದ್ದರು, ಯಾರೋ ನಗುತ್ತಿದ್ದರು. ಗಾಡಿ ತಿರುವು ದಾಟಿತು. ಕೂತವರು ಯಾರೂ ಜಾರಲಿಲ್ಲ.

ಮುಂದಿನ ಊರಿನಲ್ಲಿ ಗಾಡಿ ನಿಂತಿತು. ಅಲ್ಲಿ ಹತ್ತುವವರು ಕಾಯುತ್ತಿದ್ದರು, ಎಲ್ಲರಿಗಿಂತ ಮುಂದೆ ಹನಿಯಾಳ ತಾಯಿ ಸಾಸಿಯಾ. ಲಜ್ಹರ್ ಹಿಂದೆ ಬಂದು ನೋಡಿದವನೇ ಕೆಂಡವಾದ.

“ಏನ್ರೇ ಇದು, ರಂಡೇರಾ? ಎದ್ದೇಳ್ರೇ! ಇವರ್ನೆಲ್ಲ ನನ್ ತಲೆ ಮೇಲೆ ಕೂರಿಸ್ಕಳ್ಳಾ?”

ಯಾರೂ ಏಳಲಿಲ್ಲ. ಎದ್ದು ನಿಲ್ಲಲು ನನಗೆ ಕಾಲೇ ಇರಲಿಲ್ಲ. ಅವನು ರಸ್ತೆ ಬದಿಯ ತೊಟ್ಟಿಯಿಂದ ಬಕೆಟ್ಟು ತುಂಬಿ ತಂದು ನಮ್ಮ ತಲೆಯ ಮೇಲೆ ಸುರಿದ. ಇನ್ನೊಂದು ತಂದ, ಸುರಿದ. ಕಾಯುತ್ತಿದ್ದವರಲ್ಲಿ ಒಬ್ಬಳು ಕೂಗಿದಳು, “ಏಳ್ರೇ ತಾಯಿ, ನಮ್ ಕೂಲಿ ಹೋಯ್ತದೆ! ನಿಮ್ ಹೊಟ್ಟೆ ಮಾತ್ರ ಹೊಟ್ಟೆನಾ?” ಅವಳು ಹೇಳಿದ್ದರಲ್ಲಿ ಸುಳ್ಳೇನಿತ್ತು?

ಸಾಸಿಯಾ ಗಾಡಿಯ ಅಂಚು ಹಿಡಿದು ನಮ್ಮನ್ನೇ ನೋಡುತ್ತಿದ್ದಳು. ನಾವು ಕೂತಿದ್ದನ್ನು, ಹಲ್ಲು ಕಟಕಟ ಅನ್ನುವುದನ್ನು ನೋಡಿದಳು. ಆಮೇಲೆ ನನ್ನನ್ನು ಕೇಳಿದಳು, “ಹಿಂಗೆ ಕೂತಿದ್ದಿದ್ರೆ ಅವ್ಳು ಉಳೀತಿದ್ಲಾ?”

ನಾನು ತಲೆಯಾಡಿಸಿದೆ. ಹೌದೋ ಅಲ್ಲವೋ, ನನಗೂ ಗೊತ್ತಿಲ್ಲ.

ಅವಳು ಬುತ್ತಿ ಕೆಳಗಿಟ್ಟಳು. ಗಾಡಿಯನ್ನು ಸುತ್ತಿ ಮುಂದೆ ನಡೆದು ಮುಂಚಕ್ರದ ಎದುರು ರಸ್ತೆಯಲ್ಲಿ ಕಾಲು ಚಾಚಿ ಕೂತಳು. “ಬಾ” ಅಂತ ಯಾರನ್ನೂ ಕರೆಯಲಿಲ್ಲ. ಕೂಗಾಡುತ್ತಿದ್ದವಳೇ ಮೊದಲು ಹೋಗಿ ಅವಳನ್ನು ಎಬ್ಬಿಸಲು ನೋಡಿದಳು, ಆಗದೆ, ಬೈಯುತ್ತಲೇ ಪಕ್ಕದಲ್ಲಿ ಕೂತಳು.

ಲಜ್ಹರ್ ಒಳಗೆ ಹತ್ತಿ ಬಾಗಿಲು ಬಡಿದ. ಇಂಜಿನ್ ಚೀರಿತು. ರೇಡಿಯೋ ಹಾಡತೊಡಗಿತು. ನನಗೆ ಎದ್ದು ಓಡಬೇಕು ಅನ್ನಿಸಿತು, ಕಿರುಚಬೇಕು ಅನ್ನಿಸಿತು. ಗಾಡಿ ಗೇಣುದ್ದ ಮುಂದಕ್ಕೆ ಜರುಗಿತು. ಮುಂದೆ ಕೂತವರು ನಮಗೆ ಕಾಣುತ್ತಿರಲಿಲ್ಲ.

“ಎದ್ರೇನೇ?” ಅಂತ ದಹ್ಬಿಯಾ ಕೂಗಿದಳು.

“ಇಲ್ಲ” ಅಂದಿತು ರಸ್ತೆಯ ಕಡೆಯಿಂದ ಒಂದು ದನಿ. ಗಾಡಿ ಇನ್ನೊಂದು ಗೇಣು ಜರುಗಿತು.