ಹಿಂದಿನ ಹಲ್ಲು

ಅಂದು ಮಧ್ಯಾಹ್ನ ವೆಂಕೋಬ ಮಾಸ್ತರನ ಊಟದ ತಾಟು ಅಡುಗೆಮನೆ ಬಿಟ್ಟು ಪಡಸಾಲೆಗೆ ಬಂತು. ತಾಯಿ ಯಮನೂರಮ್ಮ ತಾಟನ್ನು ನೆಲಕ್ಕಿಟ್ಟಳು. ನೀರಿನ ತಂಬಿಗೆಯನ್ನು ಮಾತ್ರ ಕೈಯಲ್ಲೇ ಹಿಡಿದು ನಿಂತಳು.

"ಬೊಗಸಿ ಹಿಡಿ. ಮ್ಯಾಲಿಂದ ಹಾಕ್ತೀನಿ."

ಇಪ್ಪತ್ತನಾಲ್ಕು ವರ್ಷ ಅದೇ ತಂಬಿಗೆಯನ್ನು ಕಚ್ಚಿ ಕುಡಿದವನಿಗೆ ಮೊದಲು ತಿಳಿಯಲಿಲ್ಲ. ತಿಳಿದಾಗ ಕಿವಿ ಬಿಸಿಯಾದವು.

"ಯಾಕಬೇ?"

"ನನ್ನ ಕೇಳ್ತೀಯೇನು? ನಿನ್ನ ಬಾಯಾಗ ಯಾರ ಹಲ್ಲೈತಿ ಅಂತ ಊರೆಲ್ಲ ಕೇಳಾಕತ್ತೈತಿ. ಸೋಮವಾರ ಕಾರಟಗಿಯವರು ನಿನ್ನ ನೋಡಾಕ ಬರ್ತಾರ. ಕೇರಿ ಹೆಂಗಸಿನ ಹಲ್ಲು ಇಟಗೊಂಡವಗ ಯಾರು ಹೆಣ್ಣು ಕೊಡ್ತಾರಪಾ?"

ಆನೆಗೊಂದಿಗೆ ಎರಡು ಮೈಲಿ ದೂರದ ಆ ಊರಿನಲ್ಲಿ ಹಲ್ಲುನೋವಿಗೆ ಇದ್ದದ್ದು ಎರಡೇ ಔಷಧ. ಮೊದಲು ಲವಂಗ, ಅದಕ್ಕೂ ಬಗ್ಗದಿದ್ದರೆ ಇಕ್ಕಳ. ವೆಂಕೋಬ ಓದಿದವನು, ಊರಿನ ಸಾಲಿಯಲ್ಲಿ ಮಾಸ್ತರಿಕೆ ಮಾಡುವವನು. ಹೀಗಾಗಿ ಕೆಳಗಿನ ದವಡೆ ಹಲ್ಲು ಹುಳುಕಾದಾಗ, ನಾಲ್ಕು ದಿನದ ಹಿಂದೆ, ಗಂಗಾವತಿಗೆ ಹೊಸದಾಗಿ ಬಂದಿದ್ದ ಹಲ್ಲಿನ ಡಾಕ್ಟರ ಹತ್ತಿರ ಹೋದ. ಮೈಸೂರು ಕಡೆಯ ಆ ಡಾಕ್ಟರು ಬಾಯಿಯೊಳಗೆ ದೀಪ ಬಿಟ್ಟು ನೋಡಿ, "ಈ ಹಲ್ಲು ಉಳಿಯೋದಿಲ್ಲ ಮೇಷ್ಟ್ರೇ. ಆದರೆ ಹಿಂದುಗಡೆ ನಿಮ್ಮ ಬುದ್ಧಿಹಲ್ಲು ಕೆಲಸವಿಲ್ಲದೆ ಸುಮ್ಮನೆ ಕೂತಿದೆ. ಅದನ್ನೇ ಕಿತ್ತು ಈ ಜಾಗದಲ್ಲಿ ಕೂರಿಸ್ತೀನಿ. ನೀವು ಭತ್ತದ ಸಸಿಯನ್ನ ಮಡಿಯಿಂದ ಕಿತ್ತು ಗದ್ದೆಗೆ ಹಚ್ಚೋದಿಲ್ವೆ, ಹಾಗೆ," ಎಂದರು. ಹೊಸತೆಂದರೆ ಮೊದಲೇ ಹಿಗ್ಗುವ ಮಾಸ್ತರ, ನೋವಿನಲ್ಲೂ ಹಿಗ್ಗಿ ಒಪ್ಪಿಕೊಂಡ.

ಆ ದಿನ ಬೆಳಿಗ್ಗೆ ಡಾಕ್ಟರ ಬಾಗಿಲ ಮುಂದಿನ ಬೆಂಚಿನ ಮೇಲೆ, ಅವನಿಗಿಂತ ಮೊದಲು, ಊರ ಕೇರಿಯ ಮುದುಕಿ ಮಾರೆವ್ವ ಕೆನ್ನೆ ಊದಿಸಿಕೊಂಡು ಕೂತಿದ್ದಳು. ಮಾಸ್ತರ ಬಂದದ್ದು ಕಂಡು ಎದ್ದು ಗೋಡೆಗೆ ಒರಗಿ ನಿಂತಳು. ಹಲ್ಲು ಕೀಳಿಸಿಕೊಂಡು ಹೊರಬಂದವಳು ಬಾಯಿಗೆ ಒತ್ತಿಕೊಂಡ ಸೆರಗಿನ ಮರೆಯಿಂದಲೇ, "ಅಂಜಬ್ಯಾಡ್ರಿ ಮಾಸ್ತರ್ರ. ಇರುವಿ ಕಚ್ಚಿದಂಗ ಅಕ್ಕೈತಿ, ಅಷ್ಟ," ಎಂದು ಧೈರ್ಯ ಹೇಳಿ ಹೋದಳು. ಆಮೇಲೆ ವೆಂಕೋಬ ಒಳಗೆ ಹೋದ.

ಗೊಬ್ಬರಕ್ಕೆಂದು ಗಂಗಾವತಿಗೆ ಬಂದಿದ್ದ ಗಾಳೆಪ್ಪ ಇದನ್ನೆಲ್ಲ ನೋಡಿದ. ಅವನೂ ಅದೇ ಊರಿನವನು. ಮಾರೆವ್ವ ಒಳಗೆ ಹೋಗಿ ಒಂದು ಹಲ್ಲು ಕಡಿಮೆಯಾಗಿ ಬಂದಳು. ಅವಳ ಹಿಂದೆಯೇ ಹೋದ ಮಾಸ್ತರ ಹುಳುಕು ಹೋಗಿ ಗಟ್ಟಿ ಹಲ್ಲಿನವನಾಗಿ ಬಂದ. ಗಾಳೆಪ್ಪ ಎರಡನೇ ಈಯತ್ತೆಗೇ ಸಾಲಿ ಬಿಟ್ಟವನು ನಿಜ, ಆದರೆ ಕೂಡುವ ಕಳೆಯುವ ಲೆಕ್ಕ ಅಷ್ಟರಲ್ಲೇ ಮುಗಿದಿತ್ತು. ಊರಿನ ಚಹಾದಂಗಡಿಯಲ್ಲಿ ಆ ಲೆಕ್ಕ ಬಿಡಿಸಿ ತೋರಿಸಿದ. ಊರ ಬಾಯಿಗೆ ಮುಚ್ಚಳ ಎಲ್ಲಿಂದ ತರುವುದು?

ಸಂಜೆ ವೆಂಕೋಬ ತಾನಾಗಿಯೇ ಕಟ್ಟೆಗೆ ಹೋದ. ಹಿರಿಯ ತಿಮ್ಮಣ್ಣ ನಾಲ್ಕು ಜನರ ನಡುವೆ ಕೂತಿದ್ದ. ವೆಂಕೋಬ ಎಲ್ಲವನ್ನೂ ಬಿಡಿಸಿ ಹೇಳಿದ. ಸಸಿಯ ಮಾತನ್ನೂ ಹೇಳಿದ.

"ಸಸಿ ಹಚ್ಚಿದ್ದು ಖರೆ ಮಾಸ್ತರ, ಇಲ್ಲ ಅನ್ನಂಗಿಲ್ಲ," ಎಂದ ತಿಮ್ಮಣ್ಣ. "ಅದು ಯಾವ ಮಡಿದು ಅಂತ ನಾವು ಕೇಳಾಕತ್ತೀವಿ."

ಕೂತವರು ನಕ್ಕರು. ಆ ನಗುವಿಗೆ ವೆಂಕೋಬನ ಮೈಯೆಲ್ಲ ಹಿಡಿಯಷ್ಟಾಯಿತು. ಹೇಗಾದರೂ ಅಲ್ಲಿಂದ ಪಾರಾದರೆ ಸಾಕೆನಿಸಿತು.

"ಮಾರೆವ್ವನ ಹಲ್ಲು ಮಾರೆವ್ವನ ಕಡೇನ ಐತ್ರಿ," ಎಂದ. "ಬಾಗಲದಾಗ ನಿಂತು ಡಾಕ್ಟರ ಕಡಿಂದ ಕೇಳಿ ಇಸಗೊಂಡು, ಸೆರಗಿಗೆ ಗಂಟು ಹಾಕ್ಕೊಂಡಿದ್ದು ನಾನ ನೋಡೀನಿ. ಆಕಿನ್ನ ಕರಸಿ ಕೇಳ್ರಿ."

ಈ ಮಾತನ್ನು ಬೇರೆ ಯಾರೂ ಅವನ ಬಾಯಿಗೆ ತುರುಕಿರಲಿಲ್ಲ. ಮುಂದೆ ಎಷ್ಟೋ ಸಲ ಅದನ್ನು ತಿಮ್ಮಣ್ಣನ ಮೇಲೆ, ತಾಯಿಯ ಮೇಲೆ, ಗಾಳೆಪ್ಪನ ಮೇಲೆ ಹೊರಿಸಲು ನೋಡಿದ. ಅದು ತಿರುಗಿ ಅವನ ಹೆಗಲಿಗೇ ಬಂದು ಕೂರುತ್ತಿತ್ತು.

ಮಾರೆವ್ವ ಗದ್ದೆಯಲ್ಲಿ ಕಳೆ ತೆಗೆಯುತ್ತಿದ್ದವಳು ಕೆಸರುಗಾಲಿನಲ್ಲೇ ಬಂದು ಕಟ್ಟೆಯ ಕೆಳಗೆ ದೂರ ನಿಂತಳು. ವಿಷಯ ತಿಳಿದ ಮೇಲೆ ಎಲೆ-ಅಡಿಕೆ ಚೀಲ ಬಿಚ್ಚಿ, ಚಿಂದಿಯ ಗಂಟೊಂದನ್ನು ತೆಗೆದಳು. ಒಳಗೆ ಕರಿಗಟ್ಟಿ ತೂತು ಬಿದ್ದ ಹಲ್ಲು.

"ಅದನ್ನ ಯಾಕ ಇಟಗೊಂಡಿದ್ಯಬೇ?" ಯಾರೋ ಕೇಳಿದರು.

"ಮಣ್ಣಿಗೆ ಹೋಗೂ ಮುಂದ ಎಲ್ಲಾ ಕೂಡೇ ಹೋಗಬೇಕ್ರಿ. ಅದಕ್ಕ."

ಹಲ್ಲನ್ನು ನೆಲದ ಕಲ್ಲಿನ ಮೇಲಿಡಿಸಿದರು. ತಿಮ್ಮಣ್ಣ ಇಳಿದು ಬಂದು ಬೆತ್ತದ ತುದಿಯಿಂದ ಅದನ್ನು ಅತ್ತಿತ್ತ ಹೊರಳಿಸಿದ. "ಇದು ಹಳೇದೋ ಏನೋ. ಗುಂಡಿ ಹಸೀದೈತೋ ಇಲ್ಲೋ ನೋಡಬೇಕು. ಬಾಯಿ ತೆರಿ," ಎಂದ. ಆದರೆ ಹತ್ತಿರ ಹೋಗಿ ನೋಡುವವರಾರು? "ಮಾಸ್ತರ, ನೀವು ಓದಿದವರು. ನೀವ ನೋಡ್ರಿ."

ವೆಂಕೋಬ ಕೈ ಹಿಂದಕ್ಕೆ ಕಟ್ಟಿಕೊಂಡು ಅವಳ ಮುಂದೆ ಬಗ್ಗಿದ. ಶನಿವಾರ ಸಾಲಿಯಲ್ಲಿ ಹುಡುಗರ ಹಲ್ಲು, ಉಗುರು ನೋಡುವುದೂ ಅವನು ಹೀಗೆಯೇ. ಮಾರೆವ್ವ ಒಂದು ಬೆರಳಿನಿಂದ ಕೆನ್ನೆಯನ್ನು ಹಿಂದಕ್ಕೆ ಎಳೆದು ಬಾಯಿ ತೆರೆದಳು. ಎಲೆಯಡಿಕೆಗೆ ಕೆಂಪಾದ ಹಲ್ಲುಗಳು, ಅವುಗಳ ನಡುವೆ ಇನ್ನೂ ಮಾಯದ ಗುಂಡಿ. ಅವಳು ಅವನನ್ನು ನೋಡಲಿಲ್ಲ. ಬೇವಿನ ಮರದ ಕಡೆ ನೋಡುತ್ತಿದ್ದಳು. ಬಾಯಿ ಅಗಲಿಸಿದ್ದಕ್ಕೋ ಏನೋ, ಕಣ್ಣಲ್ಲಿ ನೀರು ಬಂದು ಕೆನ್ನೆಗಿಳಿಯಿತು.

ಆಗ ವೆಂಕೋಬನ ನಾಲಗೆ ತಾನಾಗಿ ತನ್ನ ದವಡೆಯ ಹಿಂದಕ್ಕೆ ಹೋಯಿತು. ಬುದ್ಧಿಹಲ್ಲು ಇದ್ದ ಜಾಗದಲ್ಲಿ ಅವನದೂ ಒಂದು ಹಸಿ ಗುಂಡಿ ಇತ್ತು. ಕಟ್ಟೆಯ ಕಡೆ ತಿರುಗಿ ಅವನೇ ಬಾಯಿ ತೆರೆದಿದ್ದರೆ, ಹಲ್ಲು ಎಲ್ಲಿಂದ ಎಲ್ಲಿಗೆ ಬಂತೆಂದು ಕುರುಡನಿಗೂ ತಿಳಿಯುತ್ತಿತ್ತು. ಈ ಮುದುಕಿಯನ್ನು ಕೆಸರುಗಾಲಿನಲ್ಲಿ ಕರೆಸುವ ಕೆಲಸವೇ ಇರಲಿಲ್ಲ. ಇದು ಅವನಿಗೆ ಈಗ ಹೊಳೆದದ್ದೇನೂ ಅಲ್ಲ, ಮಧ್ಯಾಹ್ನದಿಂದಲೇ ಗೊತ್ತಿತ್ತು. ಆದರೆ ನಾಲ್ಕು ಜನರ ಮುಂದೆ ಮಾಸ್ತರನಾದವನು ಬಾಯಿ ಕಳೆದು ನಿಲ್ಲುವುದೇ? ಅದು ಅವನಿಂದ ಆಗಿರಲಿಲ್ಲ. ಅವಳಿಂದ ಆದೀತೆಂದು ಅವನು ಎಣಿಸಿದ್ದ. ಈಗಲೂ ಹೊತ್ತು ಮೀರಿರಲಿಲ್ಲ. ಅವನು ತುಟಿ ಬಿಗಿದುಕೊಂಡ.

"ಹೌದ್ರಿ," ಎಂದ. "ಗುಂಡಿ ಹಸೀದೈತಿ. ಹಲ್ಲು ಅಲ್ಲೀದ ಐತಿ."

"ಆತು ಬಿಡು. ಹೋಗಬೇ," ಎಂದ ತಿಮ್ಮಣ್ಣ.

ಮಾರೆವ್ವ ಹಲ್ಲಿನ ಧೂಳು ಊದಿ ಚಿಂದಿಯಲ್ಲಿ ಕಟ್ಟಿಕೊಂಡಳು. ಹೊರಟವಳು ನಿಂತು, "ನಿಮ್ಮದು ಗಟ್ಟಿ ಕುಂತೈತೇನ್ರಿ ಮಾಸ್ತರ್ರ?" ಎಂದು ಕೇಳಿದಳು. ಅವನು ತಲೆಯಾಡಿಸಿದ.

ಮನೆಗೆ ಹೋದಾಗ ಯಮನೂರಮ್ಮ ತಂಬಿಗೆಯನ್ನು ಅವನ ಕೈಗೇ ಕೊಟ್ಟಳು. ಗಟಗಟ ಕುಡಿದ. ಎದೆ ಹಗುರಾಯಿತು. ಹಾಗೆ ಹಗುರಾದದ್ದಕ್ಕೇ ಅವನಿಗೆ ಎಲ್ಲಕ್ಕಿಂತ ಹೆಚ್ಚು ನಾಚಿಕೆಯಾಯಿತು. ಸೋಮವಾರ ಕಾರಟಗಿಯವರು ಬಂದು, ಉಪ್ಪಿಟ್ಟು ತಿಂದು, ಒಪ್ಪಿ ಹೋದರು. ಶನಿವಾರ ಸಾಲಿಯಲ್ಲಿ ಹುಡುಗರು ಸಾಲಾಗಿ ನಿಂತಾಗ ಮಾತ್ರ "ಬಾಯಿ ತೆರೀರಿ" ಎನ್ನಲು ಅವನಿಗೆ ನಾಲಗೆ ಏಳಲಿಲ್ಲ. ಉಗುರಷ್ಟೇ ನೋಡಿ ಕಳಿಸಿದ.

ಮೂರು ವಾರವಾದ ಮೇಲೆ ಡಾಕ್ಟರು ಹಲ್ಲಿಗೆ ಕಟ್ಟಿದ್ದ ತಂತಿ ಬಿಚ್ಚಿದರು. "ಚೆನ್ನಾಗಿ ಹಿಡ್ಕೊಂಡಿದೆ. ಹಿಂದಿನ ಗುಂಡೀನೂ ಅರ್ಧ ತುಂಬಿದೆ. ಇನ್ನು ಸ್ವಲ್ಪ ದಿನಕ್ಕೆ ಅಲ್ಲಿ ಹಲ್ಲಿತ್ತು ಅನ್ನೋದೇ ಗೊತ್ತಾಗೋಲ್ಲ," ಎಂದು ಬೆನ್ನು ತಟ್ಟಿದರು. ವೆಂಕೋಬನಿಗೆ ಸಂತೋಷವಾಗಲಿಲ್ಲ. ಊರು ಬರುವ ಮೊದಲೇ ಬಸ್ಸಿಳಿದ. ಕೇರಿಯ ದಾರಿಗೆ ಕಾಲಿಡುವ ಮುನ್ನ ಹಿಂದೆ ಮುಂದೆ ಯಾರಾದರೂ ಇದ್ದಾರೆಯೇ ಎಂದು ನೋಡಿಕೊಂಡ.

ಮಾರೆವ್ವ ಮನೆಯ ಮುಂದೆ ಬಾಳೆಯ ಪಟ್ಟೆ ಸೀಳಿ ನಾರು ತೆಗೆಯುತ್ತಿದ್ದಳು. ಅವನನ್ನು ಕಂಡು ಗಡಬಡಿಸಿ ಎದ್ದು ಗೋಣಿಚೀಲ ಹಾಸಿದಳು.

ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತು ಒಂದೂ ನೆನಪಾಗಲಿಲ್ಲ. ಅವನು ಚೀಲದ ಮೇಲೆ ಕೂರದೆ ಅವಳೆದುರು ಕುಕ್ಕರಗಾಲಿನಲ್ಲಿ ಕೂತ. ಕೆನ್ನೆಯನ್ನು ಬೆರಳಿನಿಂದ ಹಿಂದಕ್ಕೆಳೆದು ಬಾಯಿ ತೆರೆದ. "ನೋಡಬೇ" ಎನ್ನಲು ಹೋದ. ಬಾಯೊಳಗೆ ಬೆರಳಿದ್ದುದರಿಂದ ಬರಿಯ ಸದ್ದು ಹೊರಟಿತು.

ಮಾರೆವ್ವ ತಲೆ ವಾಲಿಸಿ ಸಾವಕಾಶವಾಗಿ ನೋಡಿದಳು.

"ಮುಚ್ಚರಿ ಮಾಸ್ತರ್ರ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ನನ್ನ ಹಲ್ಲು ನನ್ನ ಕಡೇನ ಐತಿ, ನನಗೇನು ತೋರಸ್ತೀರಿ? ನೋಡಬೇಕಾದವರು ಅಲ್ಲಿ ಕಟ್ಟಿ ಮ್ಯಾಲೆ ಕುಂತಾರ."

ಅವಳು ಮತ್ತೆ ಪಟ್ಟೆಯನ್ನು ತೊಡೆಯ ಮೇಲೆಳೆದುಕೊಂಡಳು. ವೆಂಕೋಬ ಬೆರಳನ್ನು ಧೋತರಕ್ಕೆ ಒರೆಸಿಕೊಂಡು ಎದ್ದ. ಕಾಲುವೆಯ ಏರಿ ಹಿಡಿದು ಮನೆಗೆ ಹೋದ. ಆ ದಾರಿಯಲ್ಲಿ ಕಟ್ಟೆ ಸಿಗುವುದಿಲ್ಲ.