ಮಿತ್ರಾಗೆ ಕಲಿಸಿದ ಮಾತು

ಜೀಪಿನಿಂದ ಇಳಿದ ಹೆಂಗಸಿನ ಕೊರಳಲ್ಲಿ ಗುರುತಿನ ಕಾರ್ಡು ಕಂಡದ್ದೇ ತಡ, ಸಾಬವ್ವ ಒಳಗೋಡಿ ಪಡಸಾಲೆಯ ಜೋಲಿಗಳನ್ನೆಲ್ಲ ಬಿಚ್ಚಿ ಟ್ರಂಕಿಗೆ ತುರುಕಿದಳು. ಆ ಕೊರೊನಾ ವರ್ಷ ಕೊಳಕೂರಿಗೆ ಜೀಪಿನಲ್ಲಿ ಬಂದವರು ಯಾರೂ ಒಳ್ಳೆಯ ಸುದ್ದಿ ತಂದಿರಲಿಲ್ಲ. ಒಬ್ಬರು ಬಂದು ಕಿರಾಣಿ ಅಂಗಡಿಗೆ ಬೀಗ ಜಡಿದರು. ಇನ್ನೊಬ್ಬರು ಬಂದು ಕೆಮ್ಮುತ್ತಿದ್ದ ಮುದುಕನನ್ನು ಕರೆದೊಯ್ದರು. ಮಕ್ಕಳನ್ನು ಒಂದೆಡೆ ಸೇರಿಸಿದರೆ ಕೇಸು ಬೀಳುತ್ತದೆ ಎಂದು ಊರಲ್ಲೆಲ್ಲ ಸಾರಿದ್ದರು. ಅಂಥದರಲ್ಲಿ ಜೀಪನ್ನು ನಂಬುವುದು ಹೇಗೆ?

ಕೂಲಿಗೆ ಹೋಗುವವರ ಕೂಸುಗಳನ್ನು ನೋಡಿಕೊಳ್ಳುವುದೇ ಸಾಬವ್ವನ ಬದುಕು. ಪ್ರತಿ ಕೂಸಿಗೂ ಅದರ ತಾಯಿಯ ಹಳೇ ಸೀರೆಯದೇ ಜೋಲಿ; ತಾಯಿಯ ವಾಸನೆ ಇದ್ದರೆ ರಂಪ ಮಾಡದೆ ಮಲಗುತ್ತವೆ ಎನ್ನುವುದು ಅವಳ ನಂಬಿಕೆ. ಲಾಕ್‌ಡೌನ್ ಬಂದು ಜೋಲಿಗಳು ಖಾಲಿಯಾದವು. ಉಳಿದವಳು ಮೂರು ವರ್ಷದ ಮಿತ್ರಾ ಒಬ್ಬಳೇ. ಅವಳ ತಾಯಿ ವಿದ್ಯಾವತಿ ಜೇವರ್ಗಿಯ ಆಸ್ಪತ್ರೆಯಲ್ಲಿ ನೆಲ ಒರೆಸುವವಳು. ಊರಿಗೆಲ್ಲ ರಜೆ ಕೊಟ್ಟ ಸರ್ಕಾರ ಅವಳಿಗೆ ಮಾತ್ರ ಕೊಟ್ಟಿರಲಿಲ್ಲ. ಯಾರಾದರೂ ಕೇಳಿದರೆ ಏನು ಹೇಳಬೇಕೆಂದು ಸಾಬವ್ವ ದಿನಾ ರೊಟ್ಟಿ ಬಡಿಯುತ್ತ ಮಿತ್ರಾಗೆ ಪಾಠ ಮಾಡುತ್ತಿದ್ದಳು. ತಪ್ಪಿಲ್ಲದೆ ಒಪ್ಪಿಸಿದರೆ ಬೆಲ್ಲದ ಚೂರು.

ಹೀಗೆ ಕೂಸು ನೋಡಿಕೊಳ್ಳುವ ಕೆಲಸ ನಿಂತವರಿಗೆ ಸರ್ಕಾರ ಸಹಾಯಧನ ಕೊಡುತ್ತದೆಂದು ಕಂಪ್ಯೂಟರ್ ಅಂಗಡಿಯ ಜಗದೇವ ಅರ್ಜಿ ಹಾಕಿಸಿದ್ದ. ರೊಕ್ಕ ಸೀದಾ ಬ್ಯಾಂಕಿಗೆ ಬರುತ್ತದೆ ಅಂದಿದ್ದನೇ ಹೊರತು, ವಿಚಾರಣೆಗೆ ಮನೆತನಕ ಬರುತ್ತಾರೆಂದು ಆ ಪುಣ್ಯಾತ್ಮ ಬಾಯಿ ಬಿಟ್ಟಿರಲಿಲ್ಲ. ಆ ರೊಕ್ಕ ಬಾರದಿದ್ದರೆ ಸಾಬವ್ವ ತಾನೂ ಕಳೆ ತೆಗೆಯಲು ಹೋಗಬೇಕು. ಹೋದರೆ ಮಿತ್ರಾಳನ್ನು ನೆರಳಲ್ಲಿ ಇಟ್ಟುಕೊಳ್ಳುವವರು ಊರಲ್ಲಿ ಇನ್ನೊಬ್ಬರಿಲ್ಲ. ಈ ಚಿಂತೆ ಅವಳನ್ನು ತಿನ್ನುತ್ತಿತ್ತು.

ಮಾಸ್ಕು ಹಾಕಿದ ಮೇಡಂ ಬಾಗಿಲಲ್ಲೇ ನಿಂತು, ನೀವು ಮಕ್ಕಳನ್ನು ನೋಡಿಕೊಳ್ಳುತ್ತೀರಂತೆ, ಹೌದೇ ಎಂದು ಕೇಳಿದರು. ಬಂದ ಕಾರಣ ಹೇಳಲಿಲ್ಲ. ಮಿತ್ರಾ ಆಗಲೇ ಅಡುಗೆ ಮನೆಯಲ್ಲಿ ಜೋಳದ ಚೀಲದ ಹಿಂದೆ ಕೂತಿದ್ದಳು.

"ಇಲ್ರಿ ಮೇಡಂ. ನಂದ ನನಗ ಸಾಕಾಗ್ಯಾದ್ರಿ."

ಲಾಕ್‌ಡೌನಿಗೆ ಮುಂಚೆ ನೋಡಿಕೊಳ್ಳುತ್ತಿದ್ದಿರಾ ಎಂದರೆ, ಆಗಲೂ ಇಲ್ಲ ಎಂದಳು. ಮೇಡಂ ಪಕ್ಕದ ಮನೆಯ ದೌಲತರಾಯನನ್ನು ಕರೆದರು. ಬಚ್ಚಲ ನೀರಿನ ಜಗಳದಲ್ಲಿ ಅವನಿಗೂ ಸಾಬವ್ವನಿಗೂ ಮಾತು ಬಿಟ್ಟಿತ್ತು. ಇವತ್ತು ಸೇಡು ತೀರಿಸಿಕೊಳ್ಳುತ್ತಾನೆ ಎಂದುಕೊಂಡಳು.

"ಈ ಮನ್ಯಾಗ ಕೂಸು ಅತ್ತಿದ್ದೇ ನಾ ಕೇಳಿಲ್ರಿ. ಬಸವಣ್ಣನ ಆಣಿ," ಎಂದ ದೌಲತರಾಯ.

ಅವನ ಮೊಮ್ಮಕ್ಕಳಿಬ್ಬರೂ ಇವಳ ಜೋಲಿಯಲ್ಲೇ ಬೆಳೆದವರು. ಸಾಬವ್ವನಿಗೆ ಅವನ ಕಾಲಿಗೆ ಬೀಳಬೇಕೆನಿಸಿತು.

ಮೇಡಂ ಫೈಲು ಮುಚ್ಚಿದರು. "ಸಹಾಯಧನಕ್ಕೆ ಅರ್ಜಿ ಹಾಕಿದ್ರಲ್ಲ, ಅದನ್ನ ನೋಡೋಕೆ ಬಂದೆ. ಮೊದಲೇ ಹೇಳಿದ್ರೆ ಊರ ಮಕ್ಕಳನ್ನೆಲ್ಲ ತಂದು ನಿಲ್ಲಿಸ್ತಾರೆ, ಅಫಜಲಪುರದ ಕಡೆ ಹಾಗೇ ಮಾಡಿದ್ರು. ನೀವು ಪರವಾಗಿಲ್ಲ, ನಿಜ ಹೇಳಿದ್ರಿ."

ಸಾಬವ್ವ ಮೇಡಂಗೆ ಅಡ್ಡ ಬಂದು ನಿಂತಳು. ತಾನು ಹೆದರಿ ಸುಳ್ಳು ಹೇಳಿದೆ, ಓಣಿಯ ಕೂಸುಗಳೆಲ್ಲ ಇಲ್ಲೇ ಇರುತ್ತಿದ್ದವು ಎಂದು ಬಡಬಡಿಸುತ್ತ ಟ್ರಂಕಿನ ಜೋಲಿಗಳನ್ನೆಲ್ಲ ತಂದು ಸುರಿದಳು. ಹಳೇ ಸೀರೆ ಯಾರ ಮನೆಯಲ್ಲಿಲ್ಲ ಎಂದು ಮೇಡಂ ನಕ್ಕರು. ಸಾಬವ್ವ ಖರೇ ಹೇಳು ಎಂದು ದೌಲತರಾಯನಿಗೆ ಕಣ್ಸನ್ನೆ ಮಾಡಿದಳು. ಅವನಿಗದು ಗಟ್ಟಿಯಾಗಿ ನಿಲ್ಲು ಎಂದಂತೆ ಕಂಡಿತು. ಅವನು ಇನ್ನೂ ದೊಡ್ಡ ದನಿಯಲ್ಲಿ ಎರಡನೇ ಆಣೆ ಹಾಕಿದ.

ಕೊನೆಗೆ ಸಾಬವ್ವ ಮಿತ್ರಾಳನ್ನೇ ಎತ್ತಿಕೊಂಡು ಬಂದು ಎದುರಿಗೆ ನಿಲ್ಲಿಸಿದಳು. ಈಕೆ ಬೇರೆಯವರ ಕೂಸು, ಕೇಳಿ ನೋಡಿ ಎಂದಳು. ಮೇಡಂ ಬಗ್ಗಿ, ನಿಮ್ಮಮ್ಮ ಎಲ್ಲಿ ಪುಟ್ಟಿ ಎಂದು ಕೇಳಿದರು.

"ಹೇಳವ್ವ, ಖರೇ ಹೇಳು," ಎಂದಳು ಸಾಬವ್ವ.

ಪಾಠ ಒಪ್ಪಿಸಿಕೊಳ್ಳುವಾಗಲೂ ಅವಳು ಹೀಗೇ ಹೇಳುತ್ತಿದ್ದಳು. ಮಿತ್ರಾ ಕೈಕಟ್ಟಿ ನೆಟ್ಟಗೆ ನಿಂತಳು.

"ನನ್ನ ಮನಿ ಇದೇರಿ. ಈಕಿ ನಮ್ಮ ಆಯಿ. ನನಗ ಬ್ಯಾರೆ ಯಾರೂ ಇಲ್ರಿ."

ಮೇಡಂ ಅವಳ ತಲೆ ಸವರಿದರು. "ಮಕ್ಕಳು ಸುಳ್ಳು ಹೇಳಲ್ಲಮ್ಮ. ಸ್ವಂತ ಮೊಮ್ಮಗಳನ್ನ ನೋಡ್ಕೊಳ್ಳೋದಕ್ಕೆ ಸರ್ಕಾರ ದುಡ್ಡು ಕೊಡಲ್ಲ."

ಜೀಪು ಧೂಳೆಬ್ಬಿಸಿ ಹೋಯಿತು. ದೌಲತರಾಯ ಗೆದ್ದವನಂತೆ ಮೀಸೆ ತಿರುವುತ್ತ ಒಳಗೆ ಹೋದ. ಸಾಬವ್ವನಿಗೆ ಅವನ ಮೇಲೂ ಸಿಟ್ಟು ಬರಲಿಲ್ಲ. ಅಳು ಮಾತ್ರ ಬಂತು. ಮಿತ್ರಾ ಅವಳ ಸೆರಗು ಜಗ್ಗಿದಳು.

"ಬರಾಬರ್ ಹೇಳ್ದೆನಿಲ್ಲ, ಆಯಿ?"

"ಬರಾಬರ್ ಹೇಳ್ದಿ, ನಮ್ಮವ್ವ."

ಸಾಬವ್ವ ಬೆಲ್ಲದ ಚೂರನ್ನು ಅವಳ ಬಾಯಿಗಿಟ್ಟಳು. ಆಮೇಲೆ ಕಳೆ ತೆಗೆಯುವ ಕುರ್ಪಿಯನ್ನು ಹುಡುಕಿ ಬುಟ್ಟಿಗೆ ಹಾಕಿದಳು. ಹೊಲದ ಬೇವಿನ ಮರಕ್ಕೆ ಜೋಲಿ ಕಟ್ಟಲೆಂದು, ಕುರ್ಪಿಯ ಮೇಲೆ ವಿದ್ಯಾವತಿಯ ಸೀರೆಯನ್ನು ಮಡಚಿಟ್ಟಳು.